ಡಾಕ್ಟರ್ ಓದಿ ಕಾಮಿಕ್ಸ್ ಬರೆದವರು: ಒಸಾಮು ತೆಜುಕಾ

ಡೊರೆಮಾನ್ ನೋಡದೆ ಬೆಳೆದವರು ನಮ್ಮ ವಯಸ್ಸಿನವರಲ್ಲಿ ಯಾರಿದ್ದಾರೆ ಹೇಳಿ? ಸ್ಕೂಲ್ ಬಿಟ್ಟು ಮನೆಗೆ ಬಂದ ತಕ್ಷಣ ಬ್ಯಾಗ್ ಮೂಲೆಗೆ ಎಸೆದು ಟಿವಿ ಮುಂದೆ ಕೂತವರೇ ನಾವೆಲ್ಲ. ಆಮೇಲೆ ಹಾಸ್ಟೆಲಿಗೆ ಬಂದ ಮೇಲೆ ನರುಟೊ, ಒನ್ ಪೀಸ್ ಶುರುವಾಯಿತು. ದೊಡ್ಡ ಕಣ್ಣು, ಚೂಪು ಕೂದಲು, ಓಡುವಾಗ ಹಿಂದೆ ಎಳೆದ ಗೆರೆಗಳು. ಇವನ್ನು ನೋಡಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೀಚಿದವರೂ ನಮ್ಮಲ್ಲಿ ಕಡಿಮೆ ಇಲ್ಲ. ಈ ಇಡೀ ಪರಂಪರೆಯ ಬೇರಿನ ಹತ್ತಿರ ಒಬ್ಬ ಮನುಷ್ಯ ಕೂತಿದ್ದಾರೆ. ತಲೆಗೆ ಬೆರೆ ಟೋಪಿ, ಮುಖಕ್ಕೆ ದಪ್ಪ ಕನ್ನಡಕ, ಕೈಯಲ್ಲಿ ಮಸಿಯಲ್ಲಿ ಅದ್ದಿ ಬರೆಯುವ ಪೆನ್ನು. ಜಪಾನಿನವರು ಅವರನ್ನು ಮಾಂಗಾದ ದೇವರು ಅಂತಲೇ ಕರೆಯುತ್ತಾರೆ. ಆದರೆ ಈ ದೇವರು ಓದಿದ್ದು ವೈದ್ಯಕೀಯ. ಚಿತ್ರ ಅವರಿಗೆ ಮೊದಲು ಬರೀ ಹವ್ಯಾಸವಾಗಿತ್ತು.

ಹುಳುಗಳ ಹುಡುಗ

ಒಸಾಮು ತೆಜುಕಾ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಪ್ರಾಂತ್ಯದ ತೊಯೊನಾಕಾದಲ್ಲಿ. ಬೆಳೆದದ್ದು ಹತ್ತಿರದ ತಕರಾಜುಕಾ ಊರಿನಲ್ಲಿ. ಆ ಊರು ಎರಡು ಕಾರಣಕ್ಕೆ ಅವರ ಗೆರೆಯೊಳಗೆ ಸೇರಿಕೊಂಡಿತು. ಒಂದು, ಸುತ್ತಲಿನ ಗುಡ್ಡ ಮತ್ತು ಕಾಡು. ಇನ್ನೊಂದು, ಅಲ್ಲಿನ ಹೆಸರಾಂತ ನಾಟಕ ಕಂಪನಿ. ನಮ್ಮ ಹಳೇ ಕಂಪನಿ ನಾಟಕಗಳಲ್ಲಿ ಗಂಡಸರೇ ಸ್ತ್ರೀ ಪಾತ್ರ ಮಾಡುತ್ತಿದ್ದರಲ್ಲ, ತಕರಾಜುಕಾದಲ್ಲಿ ಅದು ತಿರುಗಾಮುರುಗಾ. ಅಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಾರೆ. ಅಮ್ಮನ ಜೊತೆ ಹೋಗಿ ಈ ನಾಟಕಗಳನ್ನು ನೋಡಿದ ಹುಡುಗ ಮುಂದೆ ಗಂಡುವೇಷದ ರಾಜಕುಮಾರಿಯ ಕಥೆ ಬರೆದ. ಅದೇ 1953ರಲ್ಲಿ ಶುರುವಾದ 'ಪ್ರಿನ್ಸೆಸ್ ನೈಟ್'. ಅವರ ಪಾತ್ರಗಳ ದೊಡ್ಡ ಹೊಳೆಯುವ ಕಣ್ಣುಗಳಿಗೆ ಆ ರಂಗದ ಮೇಕಪ್ಪು, ಬೆಳಕು ಒಂದು ಮೂಲ. ಡಿಸ್ನಿಯ ಚಿತ್ರಗಳು ಇನ್ನೊಂದು ಮೂಲ.

ಮನೆಯಲ್ಲಿ ಅಪ್ಪನ ಹತ್ತಿರ ಪುಟ್ಟ ಫಿಲ್ಮ್ ಪ್ರೊಜೆಕ್ಟರ್ ಇತ್ತು. ಅದರಲ್ಲಿ ಕಾರ್ಟೂನ್ ಫಿಲ್ಮುಗಳನ್ನು ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದರು. ಸ್ಕೂಲಿನಲ್ಲಿ ಸಣಕಲು ದೇಹ, ಗುಂಗುರು ಕೂದಲು, ಕನ್ನಡಕ ಸೇರಿ ಗೇಲಿಗೆ ಒಳ್ಳೇ ಗುರಿಯಾಗಿದ್ದ ಹುಡುಗ ಚಿತ್ರ ಬರೆದೇ ಗೆಳೆಯರನ್ನು ಸಂಪಾದಿಸಿಕೊಂಡ. ಹುಳುಗಳ ಹುಚ್ಚು ಬೇರೆ. ಜೀರುಂಡೆ, ಚಿಟ್ಟೆಗಳನ್ನು ಹಿಡಿದು, ಕಾಲಿನ ಕೂದಲೂ ಬಿಡದಂತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಜಪಾನಿನಲ್ಲಿ ಒಂದು ಜಾತಿಯ ನೆಲಜೀರುಂಡೆಗೆ ಒಸಾಮುಶಿ ಅಂತ ಹೆಸರು. ಅದು ತನ್ನ ಹೆಸರಿಗೆ ಎಷ್ಟು ಹತ್ತಿರ ಇದೆ ನೋಡಿ ಅಂತ ಖುಷಿಪಟ್ಟು, ಚಿತ್ರಗಳ ಕೆಳಗೆ ಸಹಿ ಮಾಡುವಾಗ ತನ್ನ ಹೆಸರಿಗೆ ಹುಳು ಎಂಬ ಅರ್ಥದ ಅಕ್ಷರವೊಂದನ್ನು ಸೇರಿಸಿಕೊಂಡ. ಕೊನೇವರೆಗೂ ಅದೇ ಸಹಿ ಉಳಿಯಿತು.

ಯುದ್ಧದ ಕಾಲದಲ್ಲಿ ಎರಡು ಘಟನೆ ನಡೆದವು. ಮೊದಲನೆಯದು, ಎರಡೂ ತೋಳಿಗೆ ಚರ್ಮದ ಸೋಂಕು ಹತ್ತಿ, ಕೈಗಳೇ ಹೋಗುತ್ತವೇನೋ ಅನ್ನುವಷ್ಟಾಯಿತು. ಒಬ್ಬ ಡಾಕ್ಟರು ಉಳಿಸಿಕೊಟ್ಟರು. ತಾನೂ ಡಾಕ್ಟರಾಗಬೇಕು ಅನ್ನಿಸಿದ್ದು ಆಗಲೇ. ಎರಡನೆಯದು, 1945ರ ಜೂನಿನ ಬಾಂಬ್ ದಾಳಿ. ವಿದ್ಯಾರ್ಥಿಗಳನ್ನೆಲ್ಲ ಕಾರ್ಖಾನೆ ಕೆಲಸಕ್ಕೆ ಹಚ್ಚಿದ್ದ ದಿನಗಳವು. ಒಸಾಕಾದ ಕಾರ್ಖಾನೆಯ ಕಾವಲು ಗೋಪುರದ ಮೇಲೆ ಈ ಹುಡುಗ ನಿಂತಿದ್ದಾಗಲೇ ವಿಮಾನಗಳು ಬಂದವು. ಬಾಂಬು ಪಕ್ಕದಲ್ಲೇ ಬಿತ್ತು. ಇವರು ಉಳಿದರು, ಸುತ್ತಲಿನ ಎಷ್ಟೋ ಜನ ಉಳಿಯಲಿಲ್ಲ. ಆಗಸ್ಟ್ 15ಕ್ಕೆ ಯುದ್ಧ ಮುಗಿಯಿತು. ಅಂದು ರಾತ್ರಿ ಒಸಾಕಾದಲ್ಲಿ ಮತ್ತೆ ದೀಪಗಳು ಹತ್ತಿದ್ದನ್ನು ನೋಡಿ, ಇನ್ನು ಹೆದರದೆ ಚಿತ್ರ ಬರೆಯಬಹುದು ಅನ್ನಿಸಿತಂತೆ. ಅವರು ಮುಂದೆ ಬರೆದ ಎಲ್ಲ ಕಥೆಗಳಲ್ಲೂ ಜೀವದ ಬೆಲೆ ಏನು ಅನ್ನುವ ಪ್ರಶ್ನೆ ಯಾಕೆ ಬರುತ್ತದೆ ಅಂತ ಕೇಳಿದರೆ, ಉತ್ತರ ಇಲ್ಲಿದೆ.

ಕ್ಲಾಸಿನಲ್ಲಿ ವೈದ್ಯ, ಮನೆಯಲ್ಲಿ ಚಿತ್ರಗಾರ

1945ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ವೈದ್ಯಕೀಯ ಕೋರ್ಸಿಗೆ ಸೇರಿದರು. 1946ರ ಜನವರಿಯಲ್ಲಿ, ಹದಿನೇಳನೇ ವಯಸ್ಸಿಗೆ, ಮಕ್ಕಳ ಪತ್ರಿಕೆಯೊಂದರಲ್ಲಿ ನಾಲ್ಕು ಚೌಕದ ಪುಟ್ಟ ಕಾಮಿಕ್ಸ್ ಅಚ್ಚಾಯಿತು. ಮಾರನೇ ವರ್ಷ, 1947ರಲ್ಲಿ, ಶಿಚಿಮಾ ಸಕಾಯ್ ಅವರ ಜೊತೆ ಮಾಡಿದ 'ಹೊಸ ನಿಧಿ ದ್ವೀಪ' ಬಂತು. ಯುದ್ಧದಲ್ಲಿ ಸೋತು ಸುಣ್ಣವಾದ ದೇಶ, ಮಕ್ಕಳ ಕೈಯಲ್ಲಿ ಕಾಸಿಲ್ಲ. ಆಗ ಒಸಾಕಾದಲ್ಲಿ ಒರಟು ಕಾಗದದ ಅಗ್ಗದ ಪುಸ್ತಕಗಳು ಮಿಠಾಯಿ ಅಂಗಡಿಗಳಲ್ಲೂ ಸಿಗುತ್ತಿದ್ದವು. ಅಂಥದ್ದೇ ಒಂದು ಪುಸ್ತಕ ಇದು. ನಾಲ್ಕು ಲಕ್ಷ ಪ್ರತಿ ಹೋಯಿತು ಅಂತ ಹೇಳುತ್ತಾರೆ.

ಅದರಲ್ಲಿ ಹೊಸದೇನಿತ್ತು? ಮೊದಲ ಪುಟಗಳಲ್ಲಿ ಒಬ್ಬ ಹುಡುಗ ಕಾರು ಓಡಿಸಿಕೊಂಡು ಬಂದರಿಗೆ ಹೋಗುತ್ತಾನೆ, ಅಷ್ಟೇ. ಆದರೆ ಕಾರು ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ನೋಡುವ ಕೋನ ಬದಲಾಗುತ್ತದೆ. ಓದುಗನಿಗೆ ಸಿನಿಮಾ ನೋಡಿದ ಹಾಗೆ ಅನ್ನಿಸುತ್ತದೆ. ಅಲ್ಲಿಯವರೆಗೆ ಬಹುಪಾಲು ಕಾಮಿಕ್ಸ್ ರಂಗಸ್ಥಳದ ಮೇಲಿನ ನಾಟಕದಂತೆ, ತಲೆಯಿಂದ ಕಾಲಿನವರೆಗೆ ಕಾಣುವ ಪಾತ್ರಗಳು ಅಕ್ಕಪಕ್ಕ ನಿಂತು ಮಾತಾಡುವ ರೀತಿಯಲ್ಲಿ ಇರುತ್ತಿದ್ದವು. ತೆಜುಕಾ ಕ್ಯಾಮೆರಾವನ್ನು ಕಾಗದದ ಮೇಲೆ ತಂದರು.

ಇತ್ತ ಕಾಲೇಜು. ಲೆಕ್ಚರ್ ನಡೆಯುವಾಗ ಚಿತ್ರ, ಆಸ್ಪತ್ರೆಯಲ್ಲಿ ಕಲಿಯುವಾಗ ರೋಗಿಯ ಚಾರ್ಟಿನ ಮೇಲೂ ಮುಖ ಬರೆಯುತ್ತಿದ್ದರು ಅಂತ ಕಥೆಯಿದೆ. ಒಬ್ಬ ಪ್ರೊಫೆಸರು ಕರೆದು, ನೀನು ಡಾಕ್ಟರಾದರೆ ರೋಗಿಗಳ ಗತಿ ಏನು, ಹೋಗಿ ಚಿತ್ರವನ್ನೇ ಬರೆ ಅನ್ನುವ ಅರ್ಥದಲ್ಲಿ ಬುದ್ಧಿ ಹೇಳಿದರಂತೆ. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ ಅಂತ ತೋಚದೆ ಅಮ್ಮನನ್ನು ಕೇಳಿದರು. ನಿನಗೆ ಯಾವುದು ಹೆಚ್ಚು ಇಷ್ಟ ಅಂತ ಅಮ್ಮ ತಿರುಗಿ ಕೇಳಿದರು. ಚಿತ್ರ ಅಂದರು ಮಗ. ಹಾಗಾದರೆ ಅದನ್ನೇ ಮಾಡು ಅಂದರು ಅಮ್ಮ. ಮೊದಲು ಡಿಗ್ರಿ ಮುಗಿಸು, ಆಮೇಲೆ ಏನು ಬೇಕಾದರೂ ಮಾಡು ಅನ್ನುವ ಮಾತು ಕೇಳಿಯೇ ಬೆಳೆದ ನಮಗೆ ಈ ಅಮ್ಮ ಸ್ವಲ್ಪ ಅಪರೂಪವೇ. ಆದರೂ ಒಂದು ವಿಷಯ ಗಮನಿಸಿ. ತೆಜುಕಾ ಓದನ್ನು ಅರ್ಧಕ್ಕೆ ಬಿಡಲಿಲ್ಲ. ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಗೊಂಡರು. 1961ರಲ್ಲಿ, ದೊಡ್ಡ ಹೆಸರಾದ ಮೇಲೂ, ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಸವನಹುಳುವಿನ ವೀರ್ಯಕೋಶಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಮಾಡಿದ ಸಂಶೋಧನೆ ಅದು. ಹುಳು ಅವರನ್ನು ಅಲ್ಲೂ ಬಿಡಲಿಲ್ಲ!

ಒಂದು ರೂಮು, ಒಂದು ಡೆಪಾಸಿಟ್

1952ರಲ್ಲಿ 'ಆಸ್ಟ್ರೋ ಬಾಯ್' ಶುರುವಾಯಿತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿ ಮಗನ ಹಾಗೇ ಇರುವ ರೋಬೋ ಮಾಡುತ್ತಾನೆ. ರೋಬೋ ಎತ್ತರ ಬೆಳೆಯುವುದಿಲ್ಲ ಅಂತ ಗೊತ್ತಾದ ಮೇಲೆ ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಒಂದು ಲಕ್ಷ ಅಶ್ವಶಕ್ತಿಯ ಈ ಹುಡುಗನಿಗೆ ಮನುಷ್ಯರ ನಡುವೆ ತನ್ನ ಜಾಗ ಯಾವುದು ಅಂತ ಹುಡುಕುವುದೇ ಕೆಲಸ. ಮಕ್ಕಳ ಕಥೆ ಅಂತ ಕೈಗೆತ್ತಿಕೊಂಡರೆ ಗಂಟಲು ಕಟ್ಟುತ್ತದೆ.

1953ರಲ್ಲಿ ತೆಜುಕಾ ಟೋಕಿಯೋದ ತೊಕಿವಾ-ಸೊ ಎಂಬ ಮರದ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ಹಿಡಿದರು. ಮಾರನೇ ವರ್ಷ ಬಿಡುವಾಗ ಆ ರೂಮಿಗೆ ಇಬ್ಬರು ಬಡ ಹುಡುಗರು ಬಂದರು. ಡೆಪಾಸಿಟ್ ಕಟ್ಟಲು ದುಡ್ಡಿಲ್ಲ. ತೆಜುಕಾ ತಾನು ಕಟ್ಟಿದ್ದ ಡೆಪಾಸಿಟ್ಟನ್ನು ಅವರಿಗೇ ಬಿಟ್ಟು ಹೋದರು. ಪರದೇಶದಲ್ಲಿ ರೂಮು ಹುಡುಕಿದ ನಮಗೆಲ್ಲ ಇದರ ಬೆಲೆ ಚೆನ್ನಾಗಿ ಗೊತ್ತು. ಆ ಇಬ್ಬರು ಫುಜಿಕೊ ಫುಜಿಯೊ ಎಂಬ ಹೆಸರಲ್ಲಿ ಒಟ್ಟಿಗೆ ಬರೆಯುತ್ತಿದ್ದವರು. ಅವರಲ್ಲೊಬ್ಬರ ಕೈಯಿಂದ ಮುಂದೆ ಬಂದದ್ದೇ ನಮ್ಮ ಡೊರೆಮಾನ್.

ಮಸಿಯ ಕೆಲಸ

ನಮ್ಮಲ್ಲಿ ಹವ್ಯಾಸಕ್ಕೆ ಪಾತ್ರ ಬರೆಯುವವರು ತೆಜುಕಾ ಅವರ ಪುಟಗಳನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಪೆನ್ಸಿಲಿನಲ್ಲಿ ಬರೆಯುವುದು ಒಂದು ವಿದ್ಯೆ, ಅದರ ಮೇಲೆ ಮಸಿ ಹಾಕುವುದು ಬೇರೆಯೇ ವಿದ್ಯೆ. ಪೆನ್ಸಿಲಿಗೆ ಹತ್ತು ಗೆರೆ ಎಳೆಯುವ ಸ್ವಾತಂತ್ರ್ಯ ಇದೆ. ಮಸಿ ಆ ಹತ್ತರಲ್ಲಿ ಒಂದನ್ನು ಆರಿಸಬೇಕು. ಜಪಾನಿನ ಚಿತ್ರಗಾರರು ಬಳಸುವ ನಿಬ್ಬುಗಳಲ್ಲಿ ಜಿ-ಪೆನ್ ಒತ್ತಿದರೆ ದಪ್ಪ, ಬಿಟ್ಟರೆ ಸಣ್ಣ ಗೆರೆ ಕೊಡುತ್ತದೆ. ತೆಜುಕಾ ಅವರ ಕೈಗೆ ಒಗ್ಗಿದ್ದು ಕಬುರಾ ಪೆನ್. ಅದರ ನಿಬ್ಬು ಗಟ್ಟಿ, ಗೆರೆ ಸಮನಾಗಿ, ನುಣುಪಾಗಿ ಬರುತ್ತದೆ. ಅವರ ದುಂಡನೆಯ ಪಾತ್ರಗಳಿಗೆ ಅದೇ ಸರಿ. ಪೂರ್ತಿ ಕಪ್ಪು ತುಂಬಬೇಕಾದ ಜಾಗಕ್ಕೆ ಸಣ್ಣ ಗುಣಿಸು ಗುರುತು ಹಾಕಿಬಿಟ್ಟರೆ ಸಹಾಯಕರು ಬ್ರಶ್ಶಿನಲ್ಲಿ ತುಂಬುತ್ತಿದ್ದರು. ಹಿನ್ನೆಲೆಯ ಗೆರೆ ವಿನ್ಯಾಸಗಳಿಗೆ ಸಂಕೇತಗಳನ್ನೇ ಕೊಟ್ಟಿದ್ದರು. ಊರಲ್ಲಿ ಇಲ್ಲದಿದ್ದಾಗ ಫೋನಿನಲ್ಲೇ ಯಾವ ಜಾಗಕ್ಕೆ ಯಾವ ವಿನ್ಯಾಸ ಅಂತ ಹೇಳಿ ಪುಟ ಮುಗಿಸುತ್ತಿದ್ದರು. ಇಂಜಿನಿಯರುಗಳಿಗೆ ಇದು ಕೇಳಿದ ತಕ್ಷಣ ಅರ್ಥವಾಗುತ್ತದೆ!

ಇನ್ನೊಂದು ಸ್ವಾರಸ್ಯ. ತೆಜುಕಾ ತಮ್ಮ ಪಾತ್ರಗಳನ್ನು ಸಿನಿಮಾ ನಟರ ಹಾಗೆ ನೋಡಿದರು. ಒಂದು ಕಥೆಯ ಮೀಸೆ ಮುದುಕ ಇನ್ನೊಂದು ಕಥೆಯಲ್ಲಿ ಪತ್ತೇದಾರ, ಮತ್ತೊಂದರಲ್ಲಿ ಮೇಷ್ಟ್ರು. ಗುಬ್ಬಿ ಕಂಪನಿಯ ನಟರು ಇವತ್ತು ರಾಮ, ನಾಳೆ ದುರ್ಯೋಧನ ಆದ ಹಾಗೆ.

ಏಳು ಬೀಳು

1963ರ ಜನವರಿ 1ರಂದು ಆಸ್ಟ್ರೋ ಬಾಯ್ ಟಿವಿಗೆ ಬಂತು. ವಾರಕ್ಕೊಂದು ಅರ್ಧ ಗಂಟೆಯ ಕಂತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಅಷ್ಟೂ ಚಿತ್ರ ವಾರಕ್ಕೊಮ್ಮೆ ಬರೆಯುವುದು ಆಗದ ಮಾತು. ಹಾಗಾಗಿ ಒಂದೇ ಚಿತ್ರವನ್ನು ಮೂರು ಫ್ರೇಮಿಗೆ ನಿಲ್ಲಿಸಿದರು, ಮಾತಾಡುವಾಗ ಬಾಯಿ ಮಾತ್ರ ಅಲುಗಿಸಿದರು, ಹಳೇ ಕಂತಿನ ಹಾರಾಟದ ಚಿತ್ರಗಳನ್ನು ತೆಗೆದಿಟ್ಟು ಮತ್ತೆ ಬಳಸಿದರು. 193 ಕಂತು ಬಂತು, ಅಮೆರಿಕಾದಲ್ಲೂ ಪ್ರಸಾರವಾಯಿತು. ಆದರೆ ಖರ್ಚಿಗಿಂತ ಕಡಿಮೆ ಬೆಲೆಗೆ ಕಂತುಗಳನ್ನು ಕೊಟ್ಟದ್ದು ಅನಿಮೆ ಕೆಲಸಗಾರರ ಸಂಬಳವನ್ನೇ ಕೆಳಗೆ ಎಳೆಯಿತು ಅನ್ನುವ ದೂರು ಇಂದಿಗೂ ಇದೆ. ಅದನ್ನು ಒಪ್ಪದವರೂ ಇದ್ದಾರೆ.

ದೇವರು ಅಂತ ಕರೆಸಿಕೊಂಡರೂ ಮನುಷ್ಯನೇ. ದೊಡ್ಡವರಿಗಾಗಿ ಬರೆದ ಕಟುವಾದ 'ಗೆಕಿಗಾ' ಕಾಮಿಕ್ಸ್ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಹೆಸರಾದಾಗ ಇವರಿಗೆ ನಿದ್ದೆ ಬರಲಿಲ್ಲ. ಶೊತಾರೊ ಇಶಿನೊಮೊರಿ ಹೈಸ್ಕೂಲ್ ಹುಡುಗನಾಗಿದ್ದಾಗ ಇವರಿಗೇ ಸಹಾಯ ಮಾಡಿದವರು. ಅವರು ಮುಂದೆ ತೆಜುಕಾ ಅವರದ್ದೇ ಪತ್ರಿಕೆಯಲ್ಲಿ 'ಜುನ್' ಎಂಬ ಹೊಸ ಬಗೆಯ ಕಾಮಿಕ್ಸ್ ಬರೆದರು. ಓದುಗನೊಬ್ಬನಿಗೆ ಬರೆದ ಕಾಗದದಲ್ಲಿ ತೆಜುಕಾ ಅದನ್ನು ಹೀನಾಯವಾಗಿ ಟೀಕಿಸಿದರು. ವಿಷಯ ಇಶಿನೊಮೊರಿಗೆ ಗೊತ್ತಾಗಿ, ಬರೆಯುವುದನ್ನೇ ನಿಲ್ಲಿಸುತ್ತೇನೆ ಅಂದರು. ಆಗ ತೆಜುಕಾ ತಾವೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದರು. ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ. ಶಿಷ್ಯನ ಬಾಗಿಲು ತಟ್ಟಿ ತಪ್ಪಾಯಿತು ಅನ್ನುವುದು ಎಲ್ಲರಿಂದಲೂ ಆಗುವುದಿಲ್ಲ.

1973ರಲ್ಲಿ ಅವರು ಕಟ್ಟಿದ ಮುಶಿ ಪ್ರೊಡಕ್ಷನ್ ದಿವಾಳಿಯಾಯಿತು. ಸಾಲ ಕತ್ತಿನವರೆಗೆ ಬಂತು. ಇವರ ಕಾಲ ಮುಗಿಯಿತು ಅಂತ ಜನ ಮಾತಾಡತೊಡಗಿದರು. ಅದೇ ನವೆಂಬರಿನಲ್ಲಿ ಒಂದು ವಾರಪತ್ರಿಕೆ, ಹಳಬರಿಗೆ ಕೊನೇ ಗೌರವ ಅನ್ನುವ ಲೆಕ್ಕದಲ್ಲಿ, ನಾಲ್ಕೈದು ಕಂತಿಗೆ ಜಾಗ ಕೊಟ್ಟಿತಂತೆ. ತೆಜುಕಾ ಕೈಹಾಕಿದ್ದು ಎಲ್ಲಿಗೆ ಗೊತ್ತಾ? ಇಪ್ಪತ್ತು ವರ್ಷದ ಹಿಂದೆ ಬಿಟ್ಟಿದ್ದ ವೈದ್ಯಕೀಯಕ್ಕೆ. 'ಬ್ಲ್ಯಾಕ್ ಜ್ಯಾಕ್' ಲೈಸೆನ್ಸ್ ಇಲ್ಲದ ಸರ್ಜನ್. ಬಾಯಿಗೆ ಬಂದಷ್ಟು ಫೀಸು ಕೇಳುತ್ತಾನೆ, ಸತ್ತೇ ಹೋದರು ಅಂದವರನ್ನು ಉಳಿಸುತ್ತಾನೆ. ಅವನ ಮುಖದ ಅರ್ಧ ಭಾಗದ ಚರ್ಮ ಬೇರೆ ಬಣ್ಣದ್ದು, ಬಾಲ್ಯದ ಗೆಳೆಯನೊಬ್ಬ ದಾನ ಕೊಟ್ಟದ್ದು. ಕಪ್ಪು ಬಿಳುಪಿನ ಪುಟದಲ್ಲಿ ಆ ಇಡೀ ಗೆಳೆತನವನ್ನು ಕೆಲವೇ ಗೆರೆಗಳ ನೆರಳಿನಲ್ಲಿ ಹೇಳಿದರು. ನಾಲ್ಕೈದು ಕಂತು ಅಂದುಕೊಂಡದ್ದು 240 ದಾಟಿತು. ವ್ಯರ್ಥವಾಯಿತು ಅಂದುಕೊಂಡ ಓದೇ ಅವರನ್ನು ಮೇಲೆತ್ತಿತು.

ಕೊನೇ ವರ್ಷಗಳು

ನಮ್ಮ ದೇಶಕ್ಕೂ ಅವರಿಗೂ ಒಂದು ನಂಟಿದೆ. 1972ರಿಂದ 1983ರವರೆಗೆ ಬರೆದ 'ಬುದ್ಧ'. ಸಿದ್ಧಾರ್ಥನ ಕಥೆಯ ಜೊತೆ ಚಪ್ರ ಎಂಬ ಗುಲಾಮ ಹುಡುಗ, ತತ್ತ ಎಂಬ ಕೆಳಜಾತಿಯ ಹುಡುಗ ಮುಂತಾದ ಸ್ವಂತ ಪಾತ್ರಗಳನ್ನು ಸೇರಿಸಿ, ಜಾತಿ ಮನುಷ್ಯನಿಗೆ ಏನು ಮಾಡುತ್ತದೆ ಅನ್ನುವುದನ್ನು ಮೊದಲ ಪುಟಗಳಿಂದಲೇ ಹೇಳಿದರು. ನಡುನಡುವೆ ತಮಾಷೆಯೂ ಉಂಟು.

1980ರ ದಶಕದ ಮಧ್ಯದಲ್ಲಿ ಎನ್‌ಎಚ್‌ಕೆ ವಾಹಿನಿ ಅವರ ಕೆಲಸದ ಕೋಣೆಯನ್ನು ಚಿತ್ರೀಕರಿಸಿತು. ಅದರಲ್ಲಿ ಅವರು ವೃತ್ತ ಮೊದಲಿನ ಹಾಗೆ ಬರುತ್ತಿಲ್ಲ, ಕೈ ಕೇಳುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಆಸ್ಟ್ರೋ ಬಾಯ್ ತಲೆಯನ್ನು ಸಾವಿರಾರು ಸಲ ಸುತ್ತಿದ ಕೈ ಅದು. ಆದರೂ ಪೆನ್ನು ಕೆಳಗಿಡಲಿಲ್ಲ. ಸುಮಾರು 700 ಕೃತಿ, ಒಂದೂವರೆ ಲಕ್ಷ ಪುಟ ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಹೊಟ್ಟೆಯ ಕ್ಯಾನ್ಸರ್ ಬಂದಾಗ, ಆ ಕಾಲದ ಜಪಾನಿನ ರೂಢಿಯಂತೆ, ಅವರಿಗೆ ಅದನ್ನು ಹೇಳಲಿಲ್ಲ. ಸ್ವತಃ ಡಾಕ್ಟರ್ ಓದಿದವರಿಗೆ ಎಷ್ಟು ಗೊತ್ತಾಗಿತ್ತೋ! ಆಸ್ಪತ್ರೆಯ ಹಾಸಿಗೆಯ ಮೇಲೂ ಬರೆಯುತ್ತಲೇ ಇದ್ದರು. 1989ರ ಫೆಬ್ರವರಿ 9ರಂದು, ಅರವತ್ತನೇ ವಯಸ್ಸಿನಲ್ಲಿ, ತೀರಿಕೊಂಡರು. ಮೂರು ಕಥೆಗಳು ಅರ್ಧಕ್ಕೆ ನಿಂತವು. 1994ರಲ್ಲಿ ಅವರು ಬೆಳೆದ ತಕರಾಜುಕಾದಲ್ಲೇ ಅವರ ಹೆಸರಿನ ಮ್ಯೂಸಿಯಂ ತೆರೆಯಿತು.

ತೆಜುಕಾ ಅವರ ಹಾಗೆ ಎಲ್ಲರೂ ಓದಿದ್ದನ್ನು ಬಿಟ್ಟು ಚಿತ್ರಕ್ಕೆ ಇಳಿಯಬೇಕು ಅಂತ ನಾನು ಹೇಳುತ್ತಿಲ್ಲ. ವೀಸಾ, ಲೋನು, ಮನೆಯವರ ನಿರೀಕ್ಷೆ ಎಲ್ಲ ನಮ್ಮ ಬೆನ್ನ ಮೇಲಿವೆ. ಆದರೆ ಓದು ಮತ್ತು ಹವ್ಯಾಸ ಹಾವು ಮುಂಗುಸಿ ಆಗಬೇಕಿಲ್ಲ. ಅವರಿಗೆ ಹುಳುಗಳ ನೋಟ್‌ಬುಕ್ಕು ಕಣ್ಣು ಕೊಟ್ಟಿತು, ನಾಟಕ ಪಾತ್ರಗಳನ್ನು ಕೊಟ್ಟಿತು, ವೈದ್ಯಕೀಯ ಬಿದ್ದ ದಿನ ಕೈ ಹಿಡಿಯಿತು. 'ಬುದ್ಧ' ಇಂಗ್ಲಿಷಿನಲ್ಲಿ ಎಂಟು ಸಂಪುಟಗಳಲ್ಲಿದೆ. ನಿಮ್ಮ ಲೈಬ್ರರಿಯಲ್ಲಿ ಕೇಳಿ ನೋಡಿ. ಮೊದಲ ಸಲ ಕಥೆಗಾಗಿ ಓದಿ. ಎರಡನೇ ಸಲ ಬರೀ ಗೆರೆಗಳಿಗಾಗಿ ನೋಡಿ. ಆಮೇಲೆ ಡ್ರಾಯರಿನಲ್ಲಿ ಒಣಗುತ್ತಿರುವ ಆ ಪೆನ್ನನ್ನು ಹೊರಗೆ ತೆಗೆಯಿರಿ.