ಜೂಲಿಯಸ್ ನೈರೆರೆ: ನೆರವು ಮತ್ತು ಸ್ವಾಭಿಮಾನ

ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ಪ್ರಥಮ ರಾಷ್ಟ್ರಾಧ್ಯಕ್ಷ ಜೂಲಿಯಸ್ ನೈರೆರೆ ಅವರು 1922ರಲ್ಲಿ ಬುಟಿಯಾಮ ಎಂಬ ಹಳ್ಳಿಯಲ್ಲಿ, ಸಣ್ಣ ಬುಡಕಟ್ಟೊಂದರ ಮುಖಂಡನ ಮಗನಾಗಿ ಜನಿಸಿದರು. 1943ರಲ್ಲಿ ಜ್ಞಾನಸ್ನಾನ ಪಡೆದು ಕಥೋಲಿಕರಾದರು. ಎಡಿನ್‌ಬರೋದಲ್ಲಿ ವ್ಯಾಸಂಗ ಮುಗಿಸಿ ಮರಳಿ, ಕಥೋಲಿಕ ಶಾಲೆಯಲ್ಲಿ ಪಾಠ ಹೇಳಿದರು. ರಾಷ್ಟ್ರಾಧ್ಯಕ್ಷರಾದ ಮೇಲೂ ಜನರು ಅವರನ್ನು ‘ಮ್ವಾಲಿಮು’, ಅಂದರೆ ಉಪಾಧ್ಯಾಯ, ಎಂದೇ ಕರೆದರು.

1961ರಲ್ಲಿ ಸ್ವತಂತ್ರವಾದಾಗ ದೇಶದ ಬೊಕ್ಕಸ ಬರಿದಾಗಿತ್ತು. ಕೊಡುವವರಿದ್ದರು, ಆದರೆ ಷರತ್ತುಗಳೂ ಇದ್ದವು. 1964ರಲ್ಲಿ ತಮ್ಮ ದೇಶದೊಡನೆ ಒಂದಾದ ಜಾಂಜಿಬಾರ್ ದ್ವೀಪವು ಅದಾಗಲೇ ಪೂರ್ವ ಜರ್ಮನಿಗೆ ಮನ್ನಣೆ ನೀಡಿತ್ತು. ಇದು ಪಶ್ಚಿಮ ಜರ್ಮನಿಗೆ ಸಹ್ಯವಾಗಲಿಲ್ಲ. ಪೂರ್ವ ಜರ್ಮನಿಯ ರಾಯಭಾರ ಕಚೇರಿಯ ದರ್ಜೆಯನ್ನು ಇಳಿಸಲು ನೈರೆರೆ ಸಮ್ಮತಿಸಿದರೂ ಅದು ಸಾಲದಾಯಿತು. 1965ರಲ್ಲಿ ಪಶ್ಚಿಮ ಜರ್ಮನಿ ಸೈನಿಕ ನೆರವನ್ನು ಹಿಂತೆಗೆದುಕೊಂಡಿತು. ಹಾಗಾದರೆ ಉಳಿದ ನೆರವೂ ಬೇಡವೆಂದು ನೈರೆರೆ ತಿಳಿಸಿಬಿಟ್ಟರು. ಅದೇ ಡಿಸೆಂಬರಿನಲ್ಲಿ, ರೊಡೇಷಿಯದ ಬಿಳಿಯರ ಸರ್ಕಾರವನ್ನು ಮಣಿಸಲು ಬ್ರಿಟನ್ ಹಿಂಜರಿದುದನ್ನು ಪ್ರತಿಭಟಿಸಿ ರಾಜತಾಂತ್ರಿಕ ಸಂಬಂಧವನ್ನೇ ಕಡಿದರು. ಬರಬೇಕಿದ್ದ 75 ಲಕ್ಷ ಪೌಂಡ್ ಸಾಲ ನಿಂತುಹೋಯಿತು. (ಆ ಬರಗಾಲದ ವರ್ಷಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಅವರು ಭಾರತಕ್ಕೆ ಗೋಧಿಯನ್ನು ಅಳೆದಳೆದು ಕಳುಹಿಸಿದುದನ್ನು ನಮ್ಮ ಹಿರಿಯರು ಮರೆತಿರಲಾರರು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ.)

1967ರ ಫೆಬ್ರವರಿಯ ಆರುಷಾ ಘೋಷಣೆಯಲ್ಲಿ ನೈರೆರೆ, ಅಭಿವೃದ್ಧಿಯ ತಳಹದಿ ಪರರ ಹಣವಲ್ಲ, ಸ್ವಂತ ಜನರ ಶ್ರಮ ಮತ್ತು ಭೂಮಿ ಎಂದು ಸಾರಿದರು. ಮರುತಿಂಗಳೇ ಜಗದ್ಗುರು ಆರನೆಯ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ ತಮ್ಮ ವಿಶ್ವಪತ್ರವನ್ನು ಹೊರಡಿಸಿದರು.

ಜಾಂಬಿಯದ ತಾಮ್ರವನ್ನು ಬಿಳಿಯರ ಆಳ್ವಿಕೆಯ ನಾಡುಗಳನ್ನು ಹಾಯದೆ ಸಮುದ್ರಕ್ಕೆ ತರಲು ರೈಲುಮಾರ್ಗವೊಂದು ಬೇಕಿತ್ತು. ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕು ಕೈಬಿಟ್ಟಿತು. ಬಡರಾಷ್ಟ್ರವೇ ಆಗಿದ್ದ ಚೀನಾ ಬಡ್ಡಿಯಿಲ್ಲದ ಸಾಲವಿತ್ತು, 1970ರಿಂದ 1975ರೊಳಗೆ 1,860 ಕಿಲೋಮೀಟರ್ ಹಳಿ ಹಾಕಿತು. ಅದೂ ನಿಷ್ಕಾಮ ದಾನವಾಗಿರಲಿಲ್ಲ. ಸ್ಥಳೀಯ ವೆಚ್ಚವನ್ನು ಚೀನೀ ಸರಕು ಕೊಂಡು ಮಾರಿ ತುಂಬಬೇಕಿತ್ತು. 1971ರಲ್ಲಿ ಚೀನಾ ವಿಶ್ವಸಂಸ್ಥೆಯಲ್ಲಿ ಸ್ಥಾನ ಪಡೆದಾಗ ಟಾಂಜಾನಿಯ ಅದರ ಪರವಾಗಿ ನಿಂತಿತು.

ಷರತ್ತು ಹಾಕುವ ಕೈಯನ್ನು ಗುರುತಿಸುವುದು ಸುಲಭ. ಮೆಚ್ಚಿ ಕೊಡುವ ಕೈಯ ಬಲವನ್ನು ಗುರುತಿಸುವುದು ಕಷ್ಟ. 1970ರ ದಶಕದಲ್ಲಿ ಸ್ವೀಡನ್ ಮೊದಲಾದ ದೇಶಗಳೂ ವಿಶ್ವಬ್ಯಾಂಕೂ ನೈರೆರೆ ಅವರಿಗೆ ಧಾರಾಳವಾಗಿ ನೆರವಿತ್ತವು. ಅದೇ ಕಾಲದಲ್ಲಿ ಲಕ್ಷಾಂತರ ರೈತರನ್ನು ಬಲವಂತದಿಂದ ಹೊಸ ಗ್ರಾಮಗಳಿಗೆ ಸಾಗಿಸಲಾಯಿತು. ಕೆಲವೆಡೆ ಹಳೆಯ ಮನೆಗಳನ್ನು ಸುಟ್ಟದ್ದೂ ಉಂಟು. ದಾನಿಗಳ ಹಣ ನಿಲ್ಲಲಿಲ್ಲ. ಸ್ವಾವಲಂಬನೆಯನ್ನು ಸಾರಿದ ದೇಶ ಆಫ್ರಿಕದಲ್ಲೇ ಅತಿ ಹೆಚ್ಚು ನೆರವು ಪಡೆಯುವ ದೇಶಗಳ ಸಾಲಿಗೆ ಸೇರಿತು.

ತೈಲದ ಬೆಲೆ ಮತ್ತು ಉಗಾಂಡದ ಯುದ್ಧದಿಂದ ಬೊಕ್ಕಸ ಮತ್ತೆ ಬರಿದಾದಾಗ ಅಂತರರಾಷ್ಟ್ರೀಯ ಹಣಕಾಸು ನಿಧಿಯು ನಾಣ್ಯದ ಬೆಲೆ ಇಳಿಸುವಂತೆ ಒತ್ತಾಯಿಸಿತು. ನೈರೆರೆ ವರ್ಷಗಟ್ಟಲೆ ಮಣಿಯಲಿಲ್ಲ. 1985ರಲ್ಲಿ ತಾವಾಗಿಯೇ ಅಧಿಕಾರ ತ್ಯಜಿಸಿದರು; ಮರುವರ್ಷ ಅವರ ಉತ್ತರಾಧಿಕಾರಿ ನಿಧಿಯೊಡನೆ ಒಪ್ಪಂದ ಮಾಡಿಕೊಂಡರು.

ಭಾರತ ಸರ್ಕಾರದ ಪ್ರಥಮ ಗಾಂಧಿ ಶಾಂತಿ ಪ್ರಶಸ್ತಿ 1995ರಲ್ಲಿ ಅವರಿಗೆ ಸಂದಿತು. 1999ರ ಅಕ್ಟೋಬರ್ 14ರಂದು ನಿಧನರಾದ ಅವರನ್ನು ಬುಟಿಯಾಮದಲ್ಲೇ ಸಮಾಧಿ ಮಾಡಲಾಯಿತು. ಮುಸೋಮ ಧರ್ಮಪ್ರಾಂತ್ಯವು ಅವರನ್ನು ಸಂತರ ಸಾಲಿಗೆ ಸೇರಿಸುವ ವಿಚಾರಣೆಯನ್ನು 2005ರಲ್ಲಿ ಆರಂಭಿಸಿತು. ಆ ಗ್ರಾಮಗಳ ರೈತರ ಮಾತಿಗೂ ಅಲ್ಲಿ ಸ್ಥಳವಿರಬೇಕು.