ನಿರಂಕುಶಮತಿ ಕುವೆಂಪು

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತೌರಿನಲ್ಲಿ, 1904ರ ಡಿಸೆಂಬರ್ 29ರಂದು ಜನಿಸಿದ ಕೆ. ವಿ. ಪುಟ್ಟಪ್ಪನವರನ್ನು ಮಹಾಕವಿಯೆಂದು ಎಲ್ಲರೂ ಬಲ್ಲರು. ವಿದ್ಯಾರ್ಥಿಗಳು ಸ್ವಂತ ಬುದ್ಧಿಯಿಂದ ಯೋಚಿಸಬೇಕೆಂದು ಜೀವನವಿಡೀ ಹೇಳಿದ ಅಧ್ಯಾಪಕರೂ ಅವರಾಗಿದ್ದರೆಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಅವರು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಮೊದಲ ಪಾಠ ಮನೆಯಲ್ಲಿಯೇ, ದಕ್ಷಿಣ ಕನ್ನಡದಿಂದ ಬಂದ ಐಗಳಿಂದ. ಅನಂತರ ತೀರ್ಥಹಳ್ಳಿ, ಮೈಸೂರು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ಮೈಸೂರಿನಲ್ಲಿ ಇಂಗ್ಲಿಷ್ ಕಾವ್ಯವನ್ನು ಓದಿ ಓದಿ, 1922ರಲ್ಲಿ ಇಂಗ್ಲಿಷಿನಲ್ಲೇ ಕವನಗಳನ್ನು ಅಚ್ಚು ಹಾಕಿಸಿದರು. ತಾಯ್ನುಡಿಯಲ್ಲಿ ಬರೆಯಬೇಕೆಂದು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಹೇಳಿದಾಗ ತರುಣನಿಗೆ ಅದು ರುಚಿಸಲಿಲ್ಲ. ಆದರೂ ಬರೆದು ನೋಡಿದರು; ನೋಡಿದ ಮೇಲೆ ಒಪ್ಪಿದರು.

1929ರಲ್ಲಿ ಎಂ.ಎ. ಮುಗಿಸಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಯುವಕರು ನಿರಂಕುಶಮತಿಗಳಾಗಬೇಕೆಂಬ ಅವರ ಭಾಷಣ ಪ್ರಸಿದ್ಧವಾದದ್ದು. ಶಾಸ್ತ್ರವೇ ಹೇಳಲಿ, ಗುರುವೇ ಹೇಳಲಿ, ಬುದ್ಧಿಯ ಒರೆಗಲ್ಲಿಗೆ ತಿಕ್ಕದೆ ಒಪ್ಪಬಾರದೆಂಬುದು ಅದರ ತಿರುಳು. 1944ರ 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನ ಕಥೆಯನ್ನೇ ತಿರುಗಿಸಿದರು: ರಾಮನ ಬಾಣ ತಪಸ್ವಿಯನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನು ಅಟ್ಟುತ್ತದೆ. ಮಾಸ್ತಿಯವರು ಆಕ್ಷೇಪಿಸಿದರು, ಇವರು ಬರಹದಲ್ಲಿಯೇ ಉತ್ತರವಿತ್ತರು. ಇಬ್ಬರು ಹಿರಿಯರು ಹೀಗೆ ವಾದಿಸಿದ್ದೇ ನಮಗೊಂದು ಪಾಠ.

ನನಗೆ ಹೆಚ್ಚು ತಟ್ಟುವುದು 1947ರ 'ಬೆರಳ್‌ಗೆ ಕೊರಳ್'. ಏಕಲವ್ಯ ಮಣ್ಣಿನ ವಿಗ್ರಹದೆದುರು ತನ್ನ ಪಾಡಿಗೆ ತಾನು ಕಲಿತವನು. ಕೇಳಿದೊಡನೆ ಹೆಬ್ಬೆರಳನ್ನು ಕೊಟ್ಟವನು. ಲೋಕ ಅದನ್ನು ಗುರುಭಕ್ತಿಯೆಂದು ಹೊಗಳಿತು. ಕುವೆಂಪು ಅವನ ತಾಯಿಯನ್ನು ರಂಗಕ್ಕೆ ತಂದು, ಆ ಬೆರಳಿನ ಬೆಲೆಯನ್ನು ಕೇಳಿಸಿದರು. ಗೆಳೆಯರೆ, 'ಸ್ವಯಂ' ಜಾಲದ ಪಾಠಗಳನ್ನು ಬಿಡುವಾದಾಗ, ಸಿಗ್ನಲ್ ಸಿಗುವ ಗುಡ್ಡ ಹತ್ತಿ ಮೊಬೈಲಿನಲ್ಲಿ ನೋಡುವ ನಾವೂ ಏಕಲವ್ಯರಲ್ಲವೆ? ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಒತ್ತಿದರೆ ಅಂಕ ಬಂತು. ಅದು ಏಕೆ ಸರಿ ಎಂದು ಕೇಳುವವರಿಲ್ಲ. ಮನೆಯಲ್ಲಿ ಕೇಳೋಣವೆಂದರೆ, ನನ್ನ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ವಿಗ್ರಹ ಪಾಠ ಹೇಳೀತು, ಮರುಪ್ರಶ್ನೆ ಹಾಕದು. ಆ ಕೆಲಸವನ್ನು ನಮ್ಮ ನಮ್ಮಲ್ಲೇ, ತರಗತಿಯಲ್ಲಿ ಕುಳಿತು ಮಾಡಿಕೊಳ್ಳಬೇಕಾಗಿದೆ. ಅಧ್ಯಾಪಕರು ಇದಕ್ಕೆ ವಾರಕ್ಕೊಂದು ಗಂಟೆ ಕೊಟ್ಟರೆ ಉಪಕಾರ.

1956ರಿಂದ 1960ರವರೆಗೆ ಪುಟ್ಟಪ್ಪನವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು; ಕನ್ನಡದಲ್ಲಿಯೇ ಉನ್ನತ ಶಿಕ್ಷಣ ದೊರೆಯಬೇಕೆಂದು ಶ್ರಮಿಸಿದರು. ಅರ್ಥವಾಗದ ಭಾಷೆಯ ಪಾಠವನ್ನು ಉರು ಹೊಡೆಯಬಹುದಲ್ಲದೆ ಪ್ರಶ್ನಿಸುವುದು ಹೇಗೆ? ಎಪ್ಪತ್ತರ ವಯಸ್ಸಿನಲ್ಲಿಯೂ, 1974ರಲ್ಲಿ, ವಿಚಾರಕ್ರಾಂತಿಗೆ ಕರೆಯಿತ್ತರು. 1994ರ ನವೆಂಬರ್ 11ರಂದು ನಿಧನರಾದ ಅವರ ಸಮಾಧಿ ಕುಪ್ಪಳಿಯ ಕವಿಶೈಲದಲ್ಲಿದೆ. ಕೊಪ್ಪದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು.