ಪದ ಕೂಡಿಟ್ಟ ಪಾದ್ರಿ: ರೆವರೆಂಡ್ ಕಿಟೆಲ್



ಕುರಿ, ಕಂಬಳಿ, ಕಾವಲು ಅಂತ ನಾವು ದಿನಾ ಮಾತಾಡುತ್ತೇವೆ. ಇಂಥ ಸಾವಿರ ಸಾವಿರ ಮಾತುಗಳನ್ನು ಆರಿಸಿ, ಒಂದೊಂದಕ್ಕೂ ಅರ್ಥ ಬರೆದು, ದೊಡ್ಡ ನಿಘಂಟು ಮಾಡಿದವರು ಕನ್ನಡದವರಲ್ಲ. ಅವರು ಜರ್ಮನಿಯಿಂದ ಬಂದ ಒಬ್ಬ ಕ್ರೈಸ್ತ ಪಾದ್ರಿ. ಹೆಸರು ಫರ್ಡಿನಾಂಡ್ ಕಿಟೆಲ್. ದೇವರ ಕೆಲಸಕ್ಕೆ ಅಂತ ಬಂದವರು ಪದ ಕೂಡಿಸೋ ಕೆಲಸಕ್ಕೆ ಹೇಗೆ ಕೂತರು? ಅದೇ ಅವರ ಜೀವನದ ಕಥೆ.

ಕಿಟೆಲರು ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆಯೂ ಪಾದ್ರಿ. ಹುಡುಗನಿಗೆ ಭಾಷೆ ಕಲಿಯೋದು ಅಂದರೆ ಬಲು ಇಷ್ಟ. ಲ್ಯಾಟಿನ್, ಗ್ರೀಕ್, ಹೀಬ್ರೂ ಎಲ್ಲ ಓದಿಕೊಂಡರು. ಆಮೇಲೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಇಂಡಿಯಾಕ್ಕೆ ಹೊರಟರು. ಆಗ ವಯಸ್ಸು ಬರೀ 21.

ಅವರು ಬಂದದ್ದು ಕ್ರೈಸ್ತ ಮತ ಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಾದ್ದೇನೂ ಇಲ್ಲ. ಆದರೆ ಜನರ ಮಾತೇ ಬಾರದಿದ್ದರೆ ಜನರ ಹತ್ತಿರ ಏನು ಹೇಳೋದು? ಅದಕ್ಕೇ ಮೊದಲು ಕನ್ನಡ ಕಲಿಯಲು ಕೂತರು. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಲ್ಲಿ ಇದ್ದರು. ಪಂಡಿತರ ಹತ್ತಿರ ಹಳೆಗನ್ನಡ ಓದಿದರು, ಸಾಮಾನ್ಯ ಜನರ ಹತ್ತಿರ ಆಡುಮಾತು ಕಲಿತರು. ಜನರ ನಡುವೆ ಜನರ ಹಾಗೇ ಬದುಕಬೇಕು ಅನ್ನೋದು ಅವರ ಆಸೆ. ಇದು ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಪ್ರಚಾರದಲ್ಲೂ ಕಿಟೆಲರಿಗೆ ದೊಡ್ಡ ಯಶಸ್ಸು ಸಿಗಲಿಲ್ಲ. ಬಂದ ಕೆಲಸವೇ ಕೈಗೂಡದಿದ್ದರೆ ಯಾರಿಗಾದರೂ ಮನಸ್ಸು ಕುಗ್ಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗಿಬಿಡುತ್ತಿದ್ದರು. ಕಿಟೆಲರು ಹೋಗಲಿಲ್ಲ.

1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಷಟ್ಪದಿಯಲ್ಲಿ ಬರೆದರು. ಅದರ ಹೆಸರು 'ಕಥಾಮಾಲೆ'. ನಾವು ತರಗತಿಯಲ್ಲಿ ಲಘು ಗುರು ಹಾಕಲು ಒದ್ದಾಡುವ ಷಟ್ಪದಿಯನ್ನು ಪರದೇಶದವರೊಬ್ಬರು ಬರೆದರು ಅಂದರೆ ನೋಡಿ! 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು.

ಎಲ್ಲಕ್ಕಿಂತ ದೊಡ್ಡದು ನಿಘಂಟಿನ ಕೆಲಸ. ಕಿಟೆಲರು ಹುಟ್ಟಿದ ವರ್ಷವೇ, ಅಂದರೆ 1832ರಲ್ಲಿ, ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಈ ರೀವ್ ಕೆಲಸ ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಕಿಟೆಲರಿಗೆ ಅದು ಸಾಲಲಿಲ್ಲ. ಹಳೆಗನ್ನಡ ಕಾವ್ಯ, ಓಲೆಗರಿ, ಗಾದೆ, ಹಳ್ಳಿ ಮಾತು ಎಲ್ಲ ಕಡೆಯಿಂದ ಪದ ತೆಗೆದರು. ಯಾವುದು ಅಚ್ಚ ಕನ್ನಡ, ಯಾವುದು ಸಂಸ್ಕೃತದಿಂದ ಬಂದದ್ದು ಅಂತ ಬೇರೆ ಮಾಡಿದರು. ತಮಿಳು, ತೆಲುಗು, ತುಳು, ಮಲಯಾಳದಲ್ಲಿ ಅದೇ ಪದ ಹೇಗಿದೆ ಅಂತಲೂ ತೋರಿಸಿದರು. ಸಂಸ್ಕೃತವೂ ನಮ್ಮ ಭಾಷೆಗಳಿಂದ ಪದ ಸಾಲ ತಂದಿದೆ ಎಂದು ಪಟ್ಟಿ ಮಾಡಿ ತೋರಿಸಿದರು.

ಇದೆಲ್ಲ ಸುಮ್ಮನೆ ಆಗಲಿಲ್ಲ. ಮೊದಲ ಹೆಂಡತಿ ಪೌಲೀನ್ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ನಡುವೆ ಜರ್ಮನಿಗೆ ಹೋದವರು, ಐವತ್ತು ದಾಟಿದ ಮೇಲೆ ಮತ್ತೆ ಹಡಗು ಹತ್ತಿ ನಿಘಂಟಿಗಾಗಿ ಇಲ್ಲಿಗೆ ಬಂದರು. ಕೊನೆಗೆ 1894ರಲ್ಲಿ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ! 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ಕಣ್ಣು ಮುಚ್ಚಿದರು.

ಈಗ ಒಂದು ಪ್ರಶ್ನೆ. ಪ್ರಾರ್ಥನೆ ಮಾಡಿಸಬೇಕಾದ ಪಾದ್ರಿ ಪದಗಳ ಹಿಂದೆ ಬಿದ್ದದ್ದು ಸರಿಯೇ? ನಮ್ಮ ನಾಡಿನವರಿಗೆ ಇದರ ಉತ್ತರ ಕಷ್ಟವಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆದರು, ಹರಳಯ್ಯ ಚಪ್ಪಲಿ ಹೊಲಿದರು. ಅವರ ಪೂಜೆ ಬೇರೆ, ಕಸುಬು ಬೇರೆ ಆಗಿರಲಿಲ್ಲ. ಅದಕ್ಕೆ ಶರಣರು ಕಾಯಕ ಎಂದರು. ಬಾಸೆಲ್ ಮಿಷನ್ನಿನವರೂ ಮಂಗಳೂರಿನಲ್ಲಿ ಮಗ್ಗ ಹಾಕಿದರು, ಹೆಂಚಿನ ಕಾರ್ಖಾನೆ ತೆಗೆದರು, ಅಚ್ಚುಕೂಟ ನಡೆಸಿದರು. ಊರೂರಿನ ಸೂರಿಗೆ ಹೋದ ಮಂಗಳೂರು ಹೆಂಚಿಗೆ ದಾರಿ ಮಾಡಿದವರು ಅವರೇ. ಕೈಕೆಲಸವೂ ದೇವರ ಸೇವೆ ಎಂದು ನಂಬಿದ್ದರು. ಕಿಟೆಲರ ಪಾಲಿಗೆ ನಿಘಂಟೇ ಆ ಸೇವೆ. ಬೇರೆ ಮತದವರ ಕಾವ್ಯಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಿ, ತಪ್ಪಿಲ್ಲದಂತೆ ಅರ್ಥ ಬರೆದರು. ಅಳತೆಯಲ್ಲಿ ಮೋಸ ಮಾಡದಿರುವುದೇ ಅವರ ಭಕ್ತಿ.

ಇನ್ನೊಂದು ಮಾತು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಕೂಡ ಪಾದ್ರಿಯೊಬ್ಬರ ಮಗ. ಒಬ್ಬರು ಬಂಡೆ ಓದಿದರು, ಇನ್ನೊಬ್ಬರು ಬಾಯಿಮಾತು ಓದಿದರು.

ಗೆಳೆಯರೇ, ಮೊಳಕಾಲ್ಮೂರಿನ ಮಗ್ಗದ ಮುಂದೆ ಕೂತವರು ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ಹಾಕುತ್ತಾರೆ. ಕಿಟೆಲರು ಪದಗಳನ್ನು ನೇಯ್ದದ್ದೂ ಹಾಗೇ. ನಾವು ಮುಂದೆ ಮೇಷ್ಟ್ರಾಗಲಿ, ನರ್ಸ್ ಆಗಲಿ, ಶೇಂಗಾ ಬೆಳೆಯುವ ರೈತರಾಗಲಿ, ಕುರಿ ಕಾಯೋರಾಗಲಿ, ನಮ್ಮ ನಂಬಿಕೆ ಯಾವುದೇ ಇರಲಿ, ಅದು ನಮ್ಮ ಕೆಲಸದಲ್ಲಿ ಕಾಣಬೇಕು. ಮೊದಲು ನಮ್ಮ ಅಜ್ಜಿಯರ ಬಾಯಲ್ಲಿರುವ ಹಳೇ ಮಾತುಗಳನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡೋಣ. ಅದೇ ನಾವು ಕಿಟೆಲರಿಗೆ ಮಾಡುವ ನಮಸ್ಕಾರ.